ಕರಿ ಬಣ್ಣ ಮೊದಲ ಮುಗೀತದ

ನಮ್ಮ ಸಾಲ್ಯಾಗ ಕರಿ ಬಣ್ಣ ಮೊದಲ ಮುಗೀತದ.
ಜೂನಿನಾಗ ಬಂದ ಮೇಣದ ಕಡ್ಡಿ ಡಬ್ಬಿ,
ಒಂದೊಂದರಾಗ ಹನ್ನೆರಡು.
ನಾಗರ ಪಂಚಮಿ ಬರೂದ್ರಾಗ
ಕರೀದು ಉಗುರಿನ ತುದಿಯಷ್ಟು.

ಎರಿ ಹೊಲ ಕರೀದು, ಎಮ್ಮಿ ಕರೀದು,
ಟ್ರ್ಯಾಕ್ಟರಿನ ಗಾಲಿ, ಅವ್ವನ ಹೆರಳು,
ಮಳಸಿದ್ಧ ಬರಿಯೂ ಎಲ್ಲಾ ನಾಯಿ,
ಡೋಣಿ ಹೊಳಿ ಸೈತ ಕರೀದು.
ನೀರಿಗೆ ನೀಲಿ ಹಚ್ಚರೋ ಅಂದ್ರ
"ಅದು ಯಾವ ಊರಾಗರೀ ಟೀಚರ?" ಅಂತಾರ.

ಚಿತ್ರ ಕಲಸೂ ಮಾಸ್ತರು ನಮಗ ಮಂಜೂರಿಲ್ಲ.
ನಾ ಗಣಿತದಾಕಿ.
ನನಗ ಬರೂದು ಒಂದ ಚಿತ್ರ:
ಎರಡು ತ್ರಿಕೋಣ ಗುಡ್ಡ, ನಡುವ ಅರ್ಧ ಸೂರ್ಯ,
ಹಾವಿನಂಗ ಒಂದು ಹೊಳಿ,
ಮಲಗಿಸಿದ ಮೂರರಂಗ ಐದು ಹಕ್ಕಿ.
ಶನಿವಾರ ಕಡೀ ತಾಸಿಗೆ ಅದನ್ನ ಹಲಗಿ ಮ್ಯಾಲ ಬರೀತೀನಿ.
ಹುಡುಗರು ಕತ್ತೆತ್ತಿ ನೋಡ್ತಾರ,
ಕಿಡಕಿ ಹೊರಗ ನೋಡ್ತಾರ.
ತಾಳಿಕೋಟಿ ಬಸ್ಸಿನ ಧೂಳು ಮೂರು ಮೈಲಿಯಿಂದ ಕಾಣೂ ನೆಲ,
ಬಡಿದು ಅಗಲ ಮಾಡಿದ ರೊಟ್ಟಿ.
ಗುಡ್ಡ ಎಲ್ಲಿಂದ ತರಲಿ?

ಬಿಳಿ ಕಡ್ಡಿ ಮಾತ್ರ ಯಾರೂ ಮುಟ್ಟಂಗಿಲ್ಲ.
ಬಿಳಿ ಹಾಳಿಗೆ ಬಿಳಿ ಹಚ್ಚಿ ಏನು ಮಾಡೂದು?
ಮೂರು ವರ್ಷದ ಬಿಳಿ ನನ್ನ ಮೇಜಿನ ಖಾನ್ಯಾಗ,
ಬಿದ್ದ ಹಾಲಹಲ್ಲು ಕೂಡಿಟ್ಟಂಗ.

ಮೂರನೇತ್ತದ ದಾನೇಶ್ವರಿ ಬಂದು
"ಅದರಾಗ ಒಂದು ಕೊಡ್ರಿ" ಅಂದ್ಲು.
ಎರಡ ಒಯ್ಯವ್ವ, ಅಂದೆ.
ಗ್ವಾಡಿಗೆ ಮುಖ ಮಾಡಿ ಕುಂತಳು,
ಗಲ್ಲ ಹಾಳಿಗೆ ಹತ್ತಿ,
ನಾಲಿಗಿ ತುದಿ ಹೊರಗ.
ಗಂಟಿ ಹೊಡಿಯೂ ಹೊತ್ತಿಗೆ ತಂದು ಕೊಟ್ಟಳು
ಖಾಲಿ ಹಾಳಿ.

ಮುಂದ ನೋಡಿದೆ, ಹೊಳ್ಳಿಸಿ ನೋಡಿದೆ.
ಕೆಂಪು ಪೆನ್ನಿನ ಟೊಪಗಿ ತಗದಿತ್ತು.
"ಏನಬೇ ಇದು?"
"ಇನ್ನಾ ಮಳಿ ಆಗಿಲ್ರಿ."

ಎಲ್ಲಾರೂ ನಕ್ಕರು. ಆಕಿ ನಗಲಿಲ್ಲ.
ಹೊರಗ ಓಡಿದಳು. ಬೋರಿಂಗಿನ ಬಾಜೂಕ
ಊಟದ ತಾಟಿನ್ಯಾಗ ಎರಿ ಮಣ್ಣು ಕಲಸಿದಳು,
ಬ್ಯಾಳಿ ಸಾರಿನಷ್ಟು ತೆಳ್ಳಗ.
ಹಾಳಿ ಕಟ್ಟಿ ಮ್ಯಾಲಿಟ್ಟು
ಒಂದ ಸಲಕ್ಕ ಸುರುವಿದಳು.

ಹಾಳಾತು, ಅಂದೆ ನಾ.
ಮಣ್ಣು ಹರೀತು, ಹಬ್ಬೀತು,
ಮೇಣ ಇದ್ದಲ್ಲಿ ಮಾತ್ರ ನಿಲ್ಲದ ಜಾರೀತು.
ಮೊದಲ ಒಂದು ಕಾಲು.
ಕಡ್ಡಿಯಂಥಾ ಕಾಲು.
ಆಮ್ಯಾಲ ಚುಂಚ, ಡೊಂಕ ಕುತ್ತಿಗಿ,
ಕರೀ ಹೊಲದ ತುಂಬ
ಬೆಳ್ಳಕ್ಕಿ, ಬೆಳ್ಳಕ್ಕಿ,
ಎಲ್ಲಾ ಒಂದ ಕಡೆ ಮುಖ ಮಾಡಿ.

"ಉಳಮಿ ಹಿಂದ ಹೊಂಟಾವ" ಅಂದ ಮಳಸಿದ್ಧ.
"ಹಂಗಾರ ಟ್ರ್ಯಾಕ್ಟರ ಎಲ್ಲಿ?" ಅಂದೆ.
"ಅದು ಮುಂದ ಹೋತರಿ,"
ಹಾಳಿ ಅಂಚಿನಾಚೆ ಬಟ್ಟು ತೋರಿಸಿದಳು,
ನನ್ನ ಚಪ್ಪಲಿ ಇದ್ದ ಕಡೆ.

ಲಾಲಸಾಬ ಎಣಿಸಿದ. ಮೂವತ್ಮೂರು.
"ಹಾಜರಿ ಬರೋಬರಿ ಐತ್ರಿ!"
ಮತ್ತೊಂದು ಮೂಲ್ಯಾಗ ಬ್ಯಾರೆ ನಿಂತದ,
ಉದ್ದಂದು,
ಚುಂಚದ ಮ್ಯಾಲ ಎರಡು ದುಂಡು ಸೊನ್ನಿ.
"ಇದ್ಯಾರು?" ಕೇಳಿದೆ,
ಚಸ್ಮಾ ತಗದು ಸೆರಗಿಗೆ ಒರಸಕೋತ.
ಇಡೀ ವರ್ಗಕ್ಕ ಒಮ್ಮಿಗೇ ಕೆಮ್ಮು.

ಚಿತ್ರ ಸ್ಪರ್ಧೆಕ್ಕ ಕಳಸಬೇಕಂದ್ರ
ಸೋಮವಾರ ಬರೂದ್ರಾಗ ಒಣಗಿ
ಬ್ಯಾಸಗಿ ಹೊಲದಂಗ ಬಿರದಿತ್ತು.
ಫ್ಯಾನ್ ಹಚ್ಚಿದಾಗೊಮ್ಮಿ
ಒಂದೊಂದು ಹೆಂಟಿ ಹಾರಿ,
ಬಿಳೀ ಹಾಳಿ ಮ್ಯಾಲ ಬಿಳೀ ಹಕ್ಕಿ
ಮತ್ತ ಕಾಣದಂಗ ಹೊಂಟಿದ್ದವು.
ಲಕೋಟಿಗೆ ಹಾಕಿದ್ರ
ಸ್ಪರ್ಧೆದವರಿಗೆ ಬರೇ ಮಣ್ಣು ಸಿಗತಿತ್ತು.

ಮುಂದಿನ ವರ್ಷದ ಬೇಡಿಕಿ ಪಟ್ಟಿ ತುಂಬಾಕ ಕುಂತೆ.
ಕರಿ: ಇನ್ನೂ ಹೆಚ್ಚು.
ಬಿಳಿ: ಬ್ಯಾಡ, ಅಂತ ರೂಢಿ ಮ್ಯಾಲ ಬರದು
ಹೊಡದು ಹಾಕಿದೆ.
ಕಾರಣ ಬರಿಯೂ ಜಾಗಾ ಬಾಳ ಸಣ್ಣದು.

ಕಸಾ ಹೊಡಿಯೂ ಭೌರಮ್ಮ ಬಾಗಲದಾಗ ನಿಂತು
"ಹೊಲಾ ಯಾರು ತಂದ್ರಿ ಒಳಗ?" ಅಂದ್ಲು.
ಕಸಬರಗಿ ಮೇಜಿನ ಬುಡಕ ಬಂತು.
ಒಂದು ಕಾಲು ಎತ್ತಿದೆ ನಾ,
ಎತ್ತಿ ಹಂಗ ಒಂದೀಟು ಹಿಡದೆ.