ಓಗೊಟ್ಟರೆ

ಪೀಣ್ಯ ಎರಡನೇ ಹಂತ. ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿನ ಹಿಂದೆ
ಮೂವತ್ತೆರಡು ಮೆಟ್ಟಿಲ ಕಬ್ಬಿಣದ ಏಣಿ.
ತುದಿಯಲ್ಲಿ ಕಾದ ಎಣ್ಣೆ ಹರಿಯುವ ಕೊಳವೆ.
ಅದರ ಕೊರಳಿಗೆ ನಾನು ಕಟ್ಟಿ ಬಂದದ್ದು
ತಾಯತದಂಥದೊಂದು ಡಬ್ಬಿ.

ಎರಡು ಸೆಕೆಂಡಿಗೊಮ್ಮೆ ಅದು ಶಾಖ ಮುಟ್ಟಿ ನೋಡಿ
ಗಾಳಿಗೆ ಒಂದು ಅಂಕಿ ಬಿಡುತ್ತದೆ.
ಕೆಳಗೆ, ಬೂದು ಬೀರುವಿನೊಳಗೆ ಕೂತ ಪಿಎಲ್‌ಸಿ
ಅದನ್ನು ಹಿಡಿದು ಉರಿಗೆ ಹೇಳುತ್ತದೆ:
ಸ್ವಲ್ಪ ಹೆಚ್ಚು. ಸ್ವಲ್ಪ ಕಮ್ಮಿ. ಸಾಕು.

ತಂತಿ ಎಳೆದು ನೋಡಿದ್ದೆವು.
ಆವಿ, ಆಸಿಡ್ಡು, ಜೊತೆಗೆ ಹೆಗ್ಗಣ.
ಮೂರು ಸಲವೂ ಕೇಬಲ್ಲು
ಹಳೇ ಲಾಡಿಯ ಹಾಗೆ ಜೋತಾಡಿತು.
"ಗಾಳಿಗೆ ಬಾಡಿಗೆ ಇಲ್ಲವಲ್ಲ," ಅಂದರು ಶೇಷಮಲ್ ಸೇಠು,
"ಗಾಳಿಯಲ್ಲೇ ಕಳಿಸಿ."

ಅದಕ್ಕೂ ಮೊದಲು ದಸ್ತಗೀರ್ ಸಾಬರೇ ಸೆನ್ಸರು.
ಹತ್ತೊಂಬತ್ತು ವರ್ಷ.
ಏಣಿ ಹತ್ತಿ, ಕನ್ನಡಕದ ಆವಿ ಒರೆಸಿ, ಮುಳ್ಳು ನೋಡಿ,
ಕೆಳಕ್ಕೆ ಬಾಗಿ ಕೂಗುತ್ತಿದ್ದರು:
"ಇನ್ನೂರಾ ಮೂವತ್ತೆಂಟೂ..."
ಬರ್ನರಿನ ಬಳಿಯಿಂದ ಮುನಿಯಲ್ಲಪ್ಪ: "ಓ..."
ಓ ಬರದಿದ್ದರೆ ಇನ್ನೊಂದು ಕೂಗು.

ಕೂಗು ಎಳೆದರೆ, ಏರುತ್ತಿದೆ.
ತುಂಡರಿಸಿದರೆ, ಇಳಿಯುತ್ತಿದೆ.
"ಅರೇ" ಎಂದು ಶುರುವಾದರೆ ಓಡು, ಅಂಕಿಗೆ ಕಾಯಬೇಡ.

ನನ್ನ ಡಬ್ಬಿಗೆ ಅರೇ ಗೊತ್ತಿಲ್ಲ.

ಎಂಟು ದಿನ ಪರದೆಯ ಮೇಲೆ
ಇನ್ನೂರ ಮೂವತ್ತೆಂಟು, ಮೂವತ್ತೊಂಬತ್ತು, ಮತ್ತೆ ಮೂವತ್ತೆಂಟು.
ಒಂಬತ್ತನೆಯ ಸಂಜೆ, ಪಾಳಿ ಬದಲಾಗುವ ಹೊತ್ತಿಗೆ,
ಮೂವತ್ತೆಂಟು. ಮೂವತ್ತೆಂಟು. ಮೂವತ್ತೆಂಟು.
"ನೋಡಿ, ಎಷ್ಟು ನೆಟ್ಟಗೆ ನಿಂತಿದೆ!" ಅಂದೆ.

ಸಾಬರು ಕುರ್ಚಿಯಲ್ಲೇ ಮೂಗರಳಿಸಿದರು.
"ಎಣ್ಣೆ ಅಷ್ಟು ಸಾಧು ಅಲ್ಲ, ಬೇಟಿ.
ಒಂದೇ ಅಂಕಿ ಮೇಲೆ ಅದು ಯಾವತ್ತೂ ಕೂತಿಲ್ಲ."
ಮಂಡಿ ಲಟಕ್ಕೆಂದಿತು. ನಾನು ಏಳುವಷ್ಟರಲ್ಲಿ
ಅವರು ಅರ್ಧ ಏಣಿಯ ಮೇಲಿದ್ದರು.

"ಅರೇ..."

ಇನ್ನೂರ ಅರವತ್ತನಾಲ್ಕು ಎಂಬುದು ನನಗೆ ಕೇಳುವ ಮೊದಲೇ
ಮುನಿಯಲ್ಲಪ್ಪನ ಕೈ ಉರಿಯನ್ನು ಆರಿಸಿತ್ತು.

ಆಮೇಲೆ ಹುಡುಕಿದೆ. ಸಂಜೆ ಪಾಳಿಯವರು
ಸ್ಟೀಲಿನ ಡ್ರಮ್ಮುಗಳನ್ನು ಮೂರಾಳೆತ್ತರ ಪೇರಿಸಿದ್ದರು,
ಸರಿಯಾಗಿ ದಾರಿಗಡ್ಡ.
ಮೇಲಿನ ಡಬ್ಬಿ ಕೂಗಿಯೇ ಕೂಗಿತ್ತು.
ಕೆಳಗಿನದು ಕಡೆಯ ಸಲ ಕೇಳಿದ್ದನ್ನೇ
ಈಗಿನ ನಿಜವೆಂದು ತೋರಿಸುತ್ತ ಕೂತಿತ್ತು.
ಹಾಗೆ ಬರೆದವಳು ನಾನೇ:
ಹೊಸದು ಬಾರದಿದ್ದರೆ ಹಳೆಯದನ್ನೇ ಹಿಡಿದಿರು.

ಜಾಲಹಳ್ಳಿ ಕ್ರಾಸಿನ ಚಹಾ ಗಾಡಿ. ತಲೆಯ ಮೇಲೆ ಮೆಟ್ರೋ.
ಕೇಳಿದೆ: "ಸಾಬರು ಕೂಗದೇ ಇದ್ದರೆ ಏನು ಮಾಡ್ತಿದ್ದಿರಿ?"

"ಮೂರ್ ಎಣ್ಸೋದು ಕಣಮ್ಮ," ಅಂದ ಮುನಿಯಲ್ಲಪ್ಪ.
"ಕೂಗ್ ಬರ್ಲಿಲ್ವಾ, ಉರಿ ಆರ್ಸೋದು. ಆಮೇಲೆ ಏಣಿ.
ಒಂದ್ಸಲ ಹಂಗೇ ಆರಿಸ್ದೆ. ಹತ್ತಿ ನೋಡಿದ್ರೆ
ಸಾಬ್ರು ತಲೆ ಸುತ್ತಿ ಬಿದ್ದವ್ರೆ."

ಸಾಬರು ಬನ್ನನ್ನು ಚಹಾಕ್ಕೆ ಅದ್ದಿದರು.
"ನಾಲ್ಕು ಥಾನು ಕೆಟ್ಟೋಯ್ತು ಅವತ್ತು. ಒಳ್ಳೇ ನೀಲಿ."

ಆ ರಾತ್ರಿ ತಿದ್ದಿ ಬರೆದೆ.
ಪ್ರತಿ ಅಂಕಿಯ ಬೆನ್ನಿಗೆ ಒಂದು ಎಣಿಕೆ,
ಒಂದು, ಎರಡು, ಮೂರು... ಇನ್ನೂರೈವತ್ತೈದರ ತನಕ,
ಮತ್ತೆ ಸೊನ್ನೆ. ಅದಕ್ಕಿರುವ ಅರ್ಥ ಒಂದೇ: ಇದ್ದೇನೆ.
ಕೆಳಗಿನಿಂದ ಪ್ರತಿಯೊಂದಕ್ಕೂ ಒಂದು ಓ.
ಮೂರು ತಪ್ಪಿದರೆ, ಯಾರನ್ನೂ ಕೇಳದೆ, ಉರಿ ಬಂದ್.
ಕಾಯುವ ಆ ಟೈಮರಿಗೆ ಮುನಿ ಎಂದು ಹೆಸರಿಟ್ಟೆ.

ಪರೀಕ್ಷಿಸಲು ಬಂದ ಅಧಿಕಾರಿ ಕನ್ನಡಕ ಏರಿಸಿ ಕೇಳಿದರು,
"ಇದ್ಯಾವ ಮುನಿ, ಮೇಡಂ?"
ಮೌನ ಎಣಿಸುವವನು ಸಾರ್, ಅಂದೆ.
ಅವರು ಸಹಿ ಹಾಕಿದರು.

ನೆಲಕ್ಕೆ ಹಳದಿ ಗೆರೆ ಬಳಿಸಿದ್ದೇನೆ:
ಇಲ್ಲಿ ಡ್ರಮ್ಮು ಇಡಬಾರದು.
ಇಡುತ್ತಾರೆ.
ಉರಿ ಆರುತ್ತದೆ. ನನ್ನನ್ನು ಬೈಯುತ್ತಾರೆ.
ಬೈಯುತ್ತಲೇ ಡ್ರಮ್ಮು ಸರಿಸುತ್ತಾರೆ.
ಸಾಬರು ಮಾತ್ರ, ಪರದೆ ಎದುರಿಗಿದ್ದರೂ,
ಗಂಟೆಗೊಮ್ಮೆ ಕತ್ತೆತ್ತಿ ಏಣಿಯ ತುದಿ ನೋಡುತ್ತಾರೆ.