ಕೋಡ್ ಐವತ್ತು

ಗ್ರೀನ್ ಸ್ಟ್ರೀಟಿನ ಬಟ್ಟೆಯಂಗಡಿಯ ಮೇಲೆ
ಎರಡನೇ ಮಾಳಿಗೆ, ಹದಿನಾಲ್ಕು ಕುರ್ಚಿ.
ನಮಗೆ ಸಂಜೆ ಏಳಕ್ಕೆ ಬೆಳಗಾಗುತ್ತದೆ,
ಓಹಾಯೋದಲ್ಲಿ ಆಗ ಆಸ್ಪತ್ರೆಯ ಕೌಂಟರು ತೆರೆದಿರುತ್ತವೆ.

ಅಲ್ಲಿ ಯಾರೋ ಕೆಮ್ಮಿದರೆ ಇಲ್ಲಿ ನನಗೊಂದು ಸಾಲು.
ಯಾರದೋ ಮೊಣಕಾಲು, ಯಾರದೋ ಗರ್ಭಕೋಶ,
ಆಂಬುಲೆನ್ಸಿನಲ್ಲಿ ಹನ್ನೊಂದು ನಿಮಿಷ:
ಎರಡು ಸಾವಿರದ ನಾನೂರು ಡಾಲರ್.
ಮೊದಮೊದಲು ಎಂಬತ್ತರಿಂದ ಗುಣಿಸುತ್ತಿದ್ದೆ, ಬೆವರು ಬರುತ್ತಿತ್ತು.
ಈಗ ಗುಣಿಸುವುದಿಲ್ಲ.

ಮಾರ್ಲಿನ್, ಅರವತ್ತೊಂದು,
ಶಾಲೆಯ ಬಸ್ಸು ಓಡಿಸುತ್ತಿದ್ದವಳು,
ಮೇಲ್ಮನವಿಯ ಅಂಚಿನಲ್ಲಿ ಕೈಯಾರೆ ಬರೆದಿದ್ದಾಳೆ:
ನಲವತ್ತು ವರ್ಷ ತೆರಿಗೆ ಕಟ್ಟಿದೆ.
ಬಂದೂಕು ಇಟ್ಟುಕೊಳ್ಳುವ ಹಕ್ಕಿದೆಯಂತೆ ನನಗೆ,
ಬಾಯಿ ಬಿಡದೆ ಇರುವ ಹಕ್ಕೂ ಇದೆಯಂತೆ,
ಇನ್ಸುಲಿನ್ ಪಂಪಿಗೆ ಮಾತ್ರ ಯಾವ ತಿದ್ದುಪಡಿಯೂ ಇಲ್ಲವೇ?
ಈ ಸರ್ಕಾರ ಯಾರದು?
ಕೊನೆಯ ಪ್ರಶ್ನೆಗೆ ಪೆನ್ನು ಒತ್ತಿ ಕಾಗದ ಹರಿದದ್ದು
ಸ್ಕ್ಯಾನಿನಲ್ಲೂ ಕಾಣುತ್ತದೆ.

ನನಗಿರುವುದು ನಾಲ್ಕು ನಿಮಿಷ, ಒಂದು ಪಟ್ಟಿ.
ಐವತ್ತನ್ನು ಒತ್ತುತ್ತೇನೆ.
ಐವತ್ತು ಎಂದರೆ, ವೈದ್ಯಕೀಯವಾಗಿ ಅಗತ್ಯವಿಲ್ಲ.
ಒತ್ತಿದ ಬೆರಳು ಬಿಸಿಯೂ ಆಗುವುದಿಲ್ಲ.

ಸದಾಶಿವಗಡದ ಶಾಲೆಯಲ್ಲಿ ನಾಗ್ವೇಕರ ಮಾಸ್ತರರು
ಸಂವಿಧಾನದ ಪೀಠಿಕೆ ಬಾಯಿಪಾಠ ಮಾಡಿಸುತ್ತಿದ್ದರು.
'ನಾವು' ಅನ್ನುವಲ್ಲಿ ಎದೆ ಮುಟ್ಟಿಕೊಳ್ಳಬೇಕು,
ಮರೆತವನಿಗೆ ಬೆಂಚಿನ ಮೇಲೆ ಜಾಗ.
ಬದುಕುವ ಹಕ್ಕು, ಇಪ್ಪತ್ತೊಂದನೇ ವಿಧಿ,
ನಮ್ಮಲ್ಲಿದೆ ಮಾರ್ಲಿನ್.
ಇದೆ ಅಂದರೆ, ಇದೆ.
ಹೃದಯದ ಡಾಕ್ಟರು ಮಾತ್ರ ಗೋವೆಯಲ್ಲಿದ್ದಾರೆ.

ಕಾರ್ತಿಕದಲ್ಲಿ ರತ್ನಿ ಮಾವಶಿಗೆ ಎದೆ ಹಿಡಿಯಿತು,
ಬೈತಖೋಲದ ದಕ್ಕೆಯಲ್ಲಿ, ಬುಟ್ಟಿಯ ತಳದಲ್ಲಿನ್ನೂ ಬಂಗಡೆ ಇರುವಾಗ.
ಆಸ್ಪತ್ರೆಯಲ್ಲಿ ಚೀಟಿ ಬರೆದರು: ಮುಂದೆ ಒಯ್ಯಿರಿ.
ಈ ಜಿಲ್ಲೆಯ ಔಷಧವೇ ಅದು, 'ಮುಂದೆ'.
ಕಾಳಿ ದಾಟಿ, ಮಾಜಾಳಿಯ ಗೇಟಿನಲ್ಲಿ
ಮರಳಿನ ಲಾರಿಗಳ ಹಿಂದೆ ನಿಂತಾಗ
ಆಮ್ಲಜನಕದ ಮುಸುಕು ಸರಿಸಿ ಮಾವಶಿ ಕೇಳಿದ್ದು
ನನಗೇನಾಗಿದೆ ಎಂದಲ್ಲ.
ಕಿತ್ಲೆ ಪಯಶೆ?
ಎಷ್ಟು ದುಡ್ಡು?

ನನ್ನ ಹತ್ತಿರ ಐನೂರರ ಮೂರು ನೋಟು, ಬೆವರಿಗೆ ಮೆತ್ತಗಾಗಿ.
ಮಾಡಲು ಬೇರೇನೂ ಇಲ್ಲದೆ ಅವನ್ನೇ ಓದಿದೆ.
ಹಿಂಬದಿಯ ಸಾಲಿನಲ್ಲಿ ಕನ್ನಡ ನಾಲ್ಕನೆಯದು, ಕೊಂಕಣಿ ಆರನೆಯದು,
ಶಾಲೆಯ ಮಾತಿಗೂ ಮನೆಯ ಮಾತಿಗೂ ನಡುವೆ ಕಾಶ್ಮೀರ.
ಮುಂಬದಿಯಲ್ಲಿ ಗವರ್ನರರು ವಚನ ಕೊಟ್ಟು ಸಹಿ ಹಾಕಿದ್ದಾರೆ,
ಈ ನೋಟು ಹಿಡಿದವಳಿಗೆ ಐನೂರು ಕೊಡುತ್ತೇನೆಂದು.
ಕೈಯಲ್ಲಿರುವುದನ್ನೇ ಮತ್ತೆ ಕೊಡುವ ವಚನ!
ಡಾಲರಿನ ಮೇಲೆ, ದೇವರನ್ನು ನಂಬಿದ್ದೇವೆ ಎಂದಿದೆ.
ದೇವರಿಗೆ ಬಿಲ್ ಕಳಿಸುವ ವಿಳಾಸ
ನಮ್ಮ ಪಟ್ಟಿಯಲ್ಲಿಲ್ಲ, ಹುಡುಕಿದ್ದೇನೆ.

ಮಾವಶಿ ಉಳಿದಳು. ಬಳೆ ಉಳಿಯಲಿಲ್ಲ.

ಡಾಲರು ಏರಿದ ದಿನ ನಮ್ಮ ಮಾಲಕರು ಪೇಢೆ ಹಂಚುತ್ತಾರೆ.
ಅದರ ಹಿಂದೆಯೇ ಡೀಸೆಲ್ಲು ಏರುತ್ತದೆ,
ಉಲ್ಲಾಸ ತಾಂಡೇಲರ ಬೋಟು ಹಗ್ಗ ಬಿಚ್ಚುವುದಿಲ್ಲ.
ಪೇಢೆಯ ಪೊಟ್ಟಣ ಕೈಯಲ್ಲಿದ್ದರೆ
ನಾನು ಅವರ ಮನೆಯ ಮುಂದೆ ಹೋಗುವುದಿಲ್ಲ,
ಸುತ್ತು ಹಾಕುತ್ತೇನೆ.

ನಿನ್ನೆ ಮಾರ್ಲಿನ್ ಮತ್ತೆ ಬಂದಳು, ಎರಡನೇ ಮೇಲ್ಮನವಿ.
ಅಂಚಿನಲ್ಲಿ ಈ ಸಲ ಏನೂ ಬರೆದಿರಲಿಲ್ಲ.
ಬೈಗುಳ ಇದ್ದಿದ್ದರೆ ಚೆನ್ನಾಗಿತ್ತು.
ರಾತ್ರಿ ಮೂರಕ್ಕೆ, ಷರಾ ಬರೆಯುವ ಚೌಕದಲ್ಲಿ, ಕನ್ನಡದಲ್ಲಿ,
ಬೇಕು
ಎಂದು ಟೈಪಿಸಿದೆ.
ಯಂತ್ರಕ್ಕೆ ನಮ್ಮ ಲಿಪಿ ಬರುವುದಿಲ್ಲ,
ಅದು ನಾಲ್ಕು ಪ್ರಶ್ನಾರ್ಥಕ ಮಾಡಿಕೊಂಡಿತು.

ಅಳಿಸಲಿಲ್ಲ, ಕಳಿಸಿದೆ.
ಆಚೆ ದಡದ ಯಾವುದೋ ಮೇಜಿನಲ್ಲಿ
ಯಾರೋ ಕಾಫಿ ಕೆಳಗಿಟ್ಟು ಅದನ್ನು ನೋಡಿ
ಇಲ್ಲಿ ಯಾರೋ ಏನೋ ಕೇಳುತ್ತಿದ್ದಾರೆ
ಅಂದುಕೊಳ್ಳಲಿ.