ಹಾಜರಿ

ಶಹಾಬಾದದ ಸಾಲಿ, ಏಳನೇ ಇಯತ್ತೆ.
ಪರಸಿ ಕಲ್ಲಿನ ಧೂಳು ಕೂತ ಪಟ್ಟಿಯೊಳಗ
ಹದಿನೇಳನೇ ಹೆಸರು, ಸೈದಪ್ಪ.

ಕರೆದರ ಎದ್ದು ನಿಲ್ತಿದ್ದ.
‘ಹ’ ಅಂತಿದ್ದ, ಮತ್ತ ‘ಹ’,
ಕೊರಳಿನ ನರ ಉಬ್ಬಿ
‘ಜರ್’ ಅನ್ನೂದು ಬರೂದ್ರಾಗ
ನಾ ಮುಂದಿನ ಹೆಸರಿಗೆ ಹೋಗಿರ್ತಿದ್ದೆ.
ಕಣ್ಣೆದುರು ನಿಂತ ಹುಡುಗನ್ನ
ಕೆಂಪು ಶಾಯಿಲೆ ಗೈರು ಅಂತ ಬರದೆ.
ಒಂದು ದಿನ ಅಲ್ಲ.

ಖಣಿ ಹಿಂದಿನ ಬಯಲಾಗ
ಅದೇ ಬಾಯಿ ಕಬಡ್ಡಿ ಕಬಡ್ಡಿ ಕಬಡ್ಡಿ
ಒಂದೇ ದಮ್ಮಿನಾಗ, ಎಲ್ಲೂ ಎಡವದಂಗ
ಗೆರಿ ದಾಟಿ, ಮೂವರನ್ನ ಮುಟ್ಟಿ ಬರ್ತದ ಅಂತ
ಜವಾನ ರುಕ್ಮೋದ್ದೀನ ಹೇಳಿದಾಗ
ನಾ ನಕ್ಕಿದ್ದೆ.

ನಿನ್ನೆ ರಾತ್ರಿ ಟಿ.ವಿ.ಯಾಗ ಅಂವ.
ಹರಾಜಿನಾಗ ಲಕ್ಷಗಟ್ಟಲೆ ಎಣಿಸಿ ಕೊಂಡಾರಂತ.
ಮೊಣಕಾಲಿಗೆ ಪಟ್ಟಿ,
ಬೆನ್ನ ಮ್ಯಾಲ ಹದಿನೇಳು.
ಕಡೀ ರೇಡು ಗೆದ್ದ ಮ್ಯಾಲ
ಮೈಕು ಹಿಡಿದಾಕಿ ಏನೋ ಕೇಳಿದಳು.
ತುಟಿ ತೆರೀತು. ನರ ಉಬ್ಬಿತು.
ಆ ನರ ನನಗ ಗೊತ್ತು.

ಕುರ್ಚಿ ತುದಿಗಿ ಸರದು ಕಾದೆ.
ಅವರು ಕಾಯಲಿಲ್ಲ,
ಸಿಮೆಂಟಿನ ಜಾಹೀರಾತು ಬಂತು.

ಖಾಲಿ ಪಡಸಾಲ್ಯಾಗ ನಾನೇ ಅಂದೆ,
ಹಾಜರ್.

ಒಳಗಿಂದ ಇಕಿ ಕೇಳಿದಳು:
ಯಾರು ಬಂದಾರ್ರೀ?